ಸಕ್ಕರೆ ಇಲ್ಲದ ಮೊಸರು

ನನ್ನ ಅಕ್ಷರ ಚೆನ್ನಾಗಿಲ್ಲ. ಒಂಬತ್ತನೇ ತರಗತಿಯ ನಡುವೆ ಶಾಲೆ ಬಿಟ್ಟವಳು ನಾನು. ಒತ್ತಕ್ಷರ ಬಂದಾಗಲೆಲ್ಲ ಕೈ ತಡವರಿಸುತ್ತದೆ. ಪದಗಳೂ ಅಷ್ಟೇ, ಬೇಕಾದಾಗ ಸಿಗುವುದಿಲ್ಲ. ವಾಚನಾಲಯದ ಅಕ್ಕ ತಮ್ಮ ಕೈಬರಹದ ಪತ್ರಿಕೆಗೆ, “ನಿನಗೆ ಚೆನ್ನಾಗಿ ಗೊತ್ತಿರೋ ಒಬ್ಬರ ಬಗ್ಗೆ ಬರಿ” ಎಂದರು. ನನಗೆ ಚೆನ್ನಾಗಿ ಗೊತ್ತಿರುವುದು ನನ್ನ ಚಿಕ್ಕಮ್ಮ ಒಬ್ಬಳೇ. ಓದುವವರು ನನ್ನ ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು.

ಚಿಕ್ಕಮ್ಮ ಅಮ್ಮನ ತಂಗಿ. ನಮ್ಮ ಜೊತೆಯಲ್ಲೇ ಇರುತ್ತಾಳೆ. ಊರಿಗೆ ಹೋಗುವವರು ತಮ್ಮ ನಾಯಿಗಳನ್ನು ಬಿಟ್ಟುಹೋಗುವ ಒಂದು ಜಾಗದಲ್ಲಿ ಅವಳಿಗೆ ಕೆಲಸವಿತ್ತು. ಯಜಮಾನಿಯ ಮನೆಯ ಹಿಂದೆ ಒಂದು ಉದ್ದನೆಯ ಕೋಣೆ, ಎರಡೂ ಕಡೆ ತಂತಿ ಬಾಗಿಲಿನ ಗೂಡುಗಳು, ತುದಿಯಲ್ಲಿ ಒಂದು ನಲ್ಲಿ, ಯಾವಾಗಲೂ ಫಿನಾಯಿಲ್ ವಾಸನೆ. ಅಲ್ಲಿ ಗುಡಿಸುವುದು, ತೊಳೆಯುವುದು, ನಾಯಿಗಳಿಗೆ ಊಟ ಹಾಕುವುದು ಎಲ್ಲ ಅವಳದೇ. ಶಾಲೆ ಬಿಟ್ಟ ಮೇಲೆ ಮಧ್ಯಾಹ್ನದ ಬುತ್ತಿ ಕೊಡುವ ನೆಪದಲ್ಲಿ ನಾನು ಅಲ್ಲಿಗೆ ಹೋಗಿ ಕೂರುತ್ತಿದ್ದೆ. ಮನುಷ್ಯರ ಎದುರು ನನಗೆ ಮಾತು ಬರುವುದಿಲ್ಲ. ಅಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ.

ಬಿಟ್ಟುಹೋದ ನಾಯಿಗಳು ಮೊದಮೊದಲು ಊಟ ಮುಟ್ಟುವುದಿಲ್ಲ. ತಟ್ಟೆಗೆ ಬೆನ್ನು ಹಾಕಿ ಬಾಗಿಲನ್ನೇ ನೋಡುತ್ತ ಮಲಗುತ್ತವೆ.

“ಏನಪ್ಪಾ ಮಹಾರಾಯ, ಉಪಚಾರ ಸಾಲದ ಅಳಿಯನ ಹಾಗೆ ಮುಖ ತಿರುಗಿಸ್ಕೊಂಡಿದ್ದೀಯಲ್ಲ!” ಎಂದು ಚಿಕ್ಕಮ್ಮ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂರುತ್ತಿದ್ದಳು. ಆಮೇಲೆ ಊಟದ ಮೇಲೆ ಒಂದು ಚಮಚ ಮೊಸರು ಹಾಕಿ ಬೆರಳಲ್ಲಿ ಕಲಸುತ್ತಿದ್ದಳು. ಆ ವಾಸನೆಗೆ ಮೂಗು ಆಡಿಸದ ನಾಯಿಯನ್ನು ನಾನು ನೋಡಿಲ್ಲ.

ಆ ಮೊಸರಿಗೆ ಅವಳು ಮನೆಯಲ್ಲೇ ಹೆಪ್ಪು ಹಾಕುತ್ತಿದ್ದಳು. ತೆಳು ಬಟ್ಟೆಯಲ್ಲಿ ಕಟ್ಟಿ, ನೀರು ಬಸಿದು, ಗಟ್ಟಿಯಾದದ್ದನ್ನು ಮಾತ್ರ ಒಯ್ಯುತ್ತಿದ್ದಳು. ಉಪ್ಪಿಲ್ಲ, ಸಕ್ಕರೆಯಿಲ್ಲ, ಹಣ್ಣಿಲ್ಲ. ಹೊಸ ನಾಯಿಗೆ ಮೊದಲ ದಿನ ಬೆರಳ ತುದಿಯಷ್ಟು. ಮರುದಿನ ಹೊಟ್ಟೆ ಕೆಟ್ಟಿಲ್ಲವಾದರೆ ಮಾತ್ರ ಚಮಚ. ಕೆಲವು ನಾಯಿಗಳಿಗೆ ಹಾಲಿನದು ಯಾವುದೂ ಆಗುವುದಿಲ್ಲ, ಅವಕ್ಕೆ ಮತ್ತೆ ಹಾಕುತ್ತಿರಲಿಲ್ಲ. ಇದೆಲ್ಲ ಅವಳು ಪುಸ್ತಕದಲ್ಲಿ ಓದಿದ್ದಲ್ಲ. ಹೊಟ್ಟೆ ಕೆಟ್ಟ ನಾಯಿಯ ಗೂಡು ತೊಳೆಯುವವಳು ಅವಳೇ ಆದ್ದರಿಂದ ಕಲಿತದ್ದು. ಬೀದಿಯಲ್ಲಿ ಎಲ್ಲರೂ ಅವಳನ್ನು ಮೊಸರಮ್ಮ ಎನ್ನುತ್ತಿದ್ದರು. ಅವಳೂ “ಏನ್ರೀ” ಎಂದು ಓಗೊಡುತ್ತಿದ್ದಳು.

ಅಲ್ಲಿಗೆ ಒಂದು ಕಂದು ಬಣ್ಣದ ಮುದಿ ನಾಯಿ ಬರುತ್ತಿತ್ತು. ದಪ್ಪಗಿತ್ತು, ಎದ್ದು ನಿಲ್ಲುವಾಗ ನರಳುತ್ತಿತ್ತು. ಅದರ ಒಡತಿ ನಿವೃತ್ತ ಟೀಚರ್. ಬಿಟ್ಟುಹೋಗುವಾಗ ಪ್ರತಿ ಸಲವೂ ಒಂದೇ ಮಾತು: “ಸಕ್ಕರೆ ಅಂಶ ಇರೋದು ಏನೂ ಬೇಡ. ತೂಕ ಜಾಸ್ತಿಯಾದ್ರೆ ಕಾಲು ಹೋಗುತ್ತೆ ಅಂದಿದ್ದಾರೆ ಡಾಕ್ಟ್ರು.”

ಒಂದು ಸಲ ಟೀಚರ್ ಅದನ್ನು ಬಿಟ್ಟುಹೋದ ದಿನವೇ ಚಿಕ್ಕಮ್ಮನ ಹಾಲು ಹೆಪ್ಪುಗಟ್ಟಿರಲಿಲ್ಲ. ಚಳಿಗೋ ಏನೋ, ಪಾತ್ರೆಯಲ್ಲಿ ಹಾಲು ಹಾಲಾಗಿಯೇ ಇತ್ತು. ಮುದಿ ನಾಯಿ ಬೆಳಿಗ್ಗೆಯಿಂದ ಏನೂ ತಿನ್ನದೆ ಮಲಗಿತ್ತು. ಯಜಮಾನಿ ಬಂದು ನೋಡಿದವರು ತಮ್ಮ ಅಡುಗೆಮನೆಗೆ ಹೋಗಿ ಒಂದು ಪುಟ್ಟ ಡಬ್ಬಿ ತಂದರು. ಅವರು ತೂಕ ಇಳಿಸಲು ತಿನ್ನುತ್ತಿದ್ದ ಮೊಸರು.

“ತಗೋ, ಇದರಲ್ಲಿ ಸಕ್ಕರೆನೇ ಇಲ್ಲ. ಬರೆದಿದ್ದಾರೆ ನೋಡು. ಈ ಮುದುಕನಿಗೆ ಹೇಳಿ ಮಾಡಿಸಿದ ಹಾಗಿದೆ.”

“ಪೂರ್ತಿ ಹಾಕ್ಲಾ ಅಮ್ಮಾ?”

“ಹಾಕು. ನಮ್ಮಿಬ್ಬರದೂ ಡಯಟ್ಟು!” ಎಂದು ಯಜಮಾನಿ ನಕ್ಕರು. ಚಿಕ್ಕಮ್ಮನೂ ನಕ್ಕಳು. ಸಕ್ಕರೆ ಬೇಡವೆಂದಿದ್ದರು, ಸಕ್ಕರೆ ಇಲ್ಲದ್ದು ಸಿಕ್ಕಿತು. ನಾಯಿ ಡಬ್ಬಿಯನ್ನೂ ಬಿಡದೆ ನೆಕ್ಕಿತು.

ನಾನು ಬುತ್ತಿಯ ಪಾತ್ರೆ ತೊಳೆದು ಬರುವಷ್ಟರಲ್ಲಿ ಅದು ವಾಂತಿ ಮಾಡಿಕೊಂಡಿತ್ತು. ಎದ್ದು ನಿಲ್ಲಲು ಹೋಗಿ, ಕುಡಿದವರ ಹಾಗೆ ತೂರಾಡಿ, ಗೋಡೆಗೆ ಒರಗಿ ಕುಸಿಯಿತು. ಚಿಕ್ಕಮ್ಮ ಕಸದ ಬುಟ್ಟಿಯಿಂದ ಆ ಡಬ್ಬಿ ತೆಗೆದು ತನ್ನ ಮೇಲಂಗಿಯ ಜೇಬಿಗೆ ಹಾಕಿಕೊಂಡದ್ದನ್ನು ನಾನು ನೋಡಿದೆ.

ಪಶುವೈದ್ಯರಲ್ಲಿಗೆ ಹೋಗುವಾಗ ಕಾರಿನಲ್ಲಿ ನಾಯಿಯ ತಲೆ ಅವಳ ತೊಡೆಯ ಮೇಲಿತ್ತು, ಕಾಲು ನನ್ನ ತೊಡೆಯ ಮೇಲೆ. ಯಜಮಾನಿ ಕಾರು ಓಡಿಸುತ್ತಲೇ ಹೇಳಿದರು: “ಅಲ್ಲಿ ಮೊಸರಿನ ಮಾತು ಎತ್ತಬೇಡ. ಅಂಗಳದಲ್ಲಿ ಏನೋ ತಿಂದಿದೆ ಅಂತ ನಾನು ಹೇಳ್ತೀನಿ. ನನ್ನ ಹೊಟ್ಟೆ ಮೇಲೂ ಹೊಡೀಬೇಡ, ನಿನ್ನ ಹೊಟ್ಟೆ ಮೇಲೂ ಹೊಡ್ಕೋಬೇಡ.”

ಚಿಕ್ಕಮ್ಮ ಮೇಲಂಗಿಯ ಜೇಬನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು.

ಪಶುವೈದ್ಯರು ನಾಯಿಯ ಕಣ್ಣುರೆಪ್ಪೆ ಬಿಡಿಸಿ ನೋಡಿ, “ಏನು ತಿಂದಿದ್ದು?” ಎಂದರು. ಯಜಮಾನಿ ಅಂಗಳದ ಕಥೆ ಶುರುಮಾಡಿದರು. ವೈದ್ಯರು, “ಇಲಿ ಪಾಷಾಣ ಇಟ್ಟಿದ್ರಾ? ಗಿಡಕ್ಕೆ ಔಷಧಿ ಹೊಡೆದಿದ್ರಾ?” ಎಂದು ಒಂದೊಂದನ್ನೇ ಕೇಳುತ್ತಿದ್ದರು. ನಾಯಿಯ ಕಾಲುಗಳು ಅದುರಲು ಶುರುವಾದವು. ಆಗ ಚಿಕ್ಕಮ್ಮ ಡಬ್ಬಿಯನ್ನು ಮೇಜಿನ ಮೇಲಿಟ್ಟಳು.

“ಇದನ್ನ ತಿಂದಿದೆ ಸಾರ್. ಪೂರ್ತಿ. ನನ್ನ ಕೈಯಾರೆ ಹಾಕಿದೆ.”

ವೈದ್ಯರು ಡಬ್ಬಿಯ ಹಿಂಭಾಗದ ಸಣ್ಣ ಅಕ್ಷರಗಳನ್ನು ಓದಿ, ಕೂಡಲೇ ಗ್ಲೂಕೋಸ್ ತರಲು ಕೂಗಿದರು. ಸೂಜಿ ಚುಚ್ಚುತ್ತ ಹೇಳಿದರು: “ಸಕ್ಕರೆ ಬದಲು ಇದರಲ್ಲಿ ಜೈಲಿಟಾಲ್ ಹಾಕಿದ್ದಾರೆ. ನಮಗೇನೂ ಆಗಲ್ಲ, ನಾಯಿಗೆ ವಿಷ. ಒಂದೇ ಸಲಕ್ಕೆ ರಕ್ತದಲ್ಲಿರೋ ಸಕ್ಕರೆ ಇಳಿದುಬಿಡುತ್ತೆ. ಸಾದಾ ಮೊಸರಾಗಿದ್ರೆ ಏನೂ ಆಗ್ತಿರಲಿಲ್ಲ.”

ನಾಯಿ ಬದುಕಿತು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ.

ಫೋನಿನಲ್ಲಿ ಸುದ್ದಿ ತಿಳಿದ ಟೀಚರ್ ಹೇಗೋ ಬಸ್ಸು ಹಿಡಿದು ಓಡಿ ಬಂದರು. ವೈದ್ಯರು ಒಳಗೆ ಇನ್ನೊಂದು ನಾಯಿ ನೋಡುತ್ತಿದ್ದರು. ಯಜಮಾನಿ ಟೀಚರ್ ಕೈ ಹಿಡಿದುಕೊಂಡು, “ಮೊಸರು ಹಾಕ್ಬೇಡ, ಹಾಕ್ಬೇಡ ಅಂತ ಬಡ್ಕೊಂಡೆ. ಕೇಳಿದ್ರೆ ತಾನೇ? ಅವಳೇ ಒಪ್ಕೊಂಡಿದ್ದಾಳೆ, ಕೇಳಿ ಬೇಕಾದ್ರೆ” ಎಂದರು.

ಟೀಚರ್ ಚಿಕ್ಕಮ್ಮನತ್ತ ತಿರುಗಿದರು. “ನೀನಾ ಹಾಕಿದ್ದು?”

“ಹೌದು, ನಾನೇ. ಆದ್ರೆ ಡಬ್ಬಿ...”

“ಸಾಕು. ಮೂಕ ಪ್ರಾಣಿ ಅಂತ ಕೇಳೋರಿಲ್ಲ ಅಂದ್ಕೊಂಡ್ಯಾ?”

ಡಬ್ಬಿ ತಂದವರು ಯಾರೆಂದು ಗೊತ್ತಿದ್ದೂ ನಾನು ಚಿಕ್ಕಮ್ಮನ ಹಿಂದೆ ಸರಿದು ನಿಂತೆ. ಅವತ್ತೇ ಅವಳ ಕೆಲಸ ಹೋಯಿತು. ನಾಯಿ ನೋಡಿಕೊಳ್ಳುವ ಬೇರೆ ಜಾಗಗಳಲ್ಲಿ ಕೇಳಿದರೆ, ಸುದ್ದಿ ಅವಳಿಗಿಂತ ಮೊದಲೇ ಅಲ್ಲಿಗೆ ಹೋಗಿತ್ತು. ಉದ್ದನೆಯ ಕೋಣೆಯ ಬಾಗಿಲಿಗೆ ಈಗ ‘ನಾಯಿಗಳಿಗೆ ಮೊಸರು ಹಾಕಬಾರದು’ ಎಂದು ಬರೆದು ಅಂಟಿಸಿದ್ದಾರೆ. ಟೀಚರ್ ಈಗಲೂ ಊರಿಗೆ ಹೋಗುವಾಗ ತಮ್ಮ ನಾಯಿಯನ್ನು ಅಲ್ಲಿಯೇ ಬಿಡುತ್ತಾರೆ. ಬೀದಿಯಲ್ಲಿ ಮೊಸರಮ್ಮ ಎನ್ನುವವರು ಈಗ ರಾಗ ಎಳೆದು, ನಗು ಸೇರಿಸಿ ಅನ್ನುತ್ತಾರೆ. ಅವಳು ಓಗೊಡುವುದಿಲ್ಲ. ಒಂದು ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುತ್ತಾಳೆ. ದಾರಿಯಲ್ಲಿ ನಾಯಿ ಬಾಲ ಅಲ್ಲಾಡಿಸುತ್ತ ಬಂದರೆ ಪಕ್ಕಕ್ಕೆ ಸರಿದು ನಡೆಯುತ್ತಾಳೆ.

ನಿನ್ನೆ ಯಜಮಾನಿ ಹೇಳಿಕಳಿಸಿದರು. ಚಿಕ್ಕಮ್ಮನ ಜಾಗಕ್ಕೆ ಬಂದವರು ಯಾರೂ ನಿಲ್ಲುತ್ತಿಲ್ಲವಂತೆ. ನನ್ನನ್ನು ಕಳಿಸಬೇಕಂತೆ. “ಆ ಹುಡುಗಿ ಬಾಯಿ ಸತ್ತೋಳು, ಅಂಥೋಳೇ ಬೇಕು” ಎಂದರಂತೆ.

ಅಮ್ಮ, “ತಾನಾಗಿ ಬಂದ ಕೆಲಸ. ಮನೇಲಿ ಗೋಡೆ ನೋಡ್ಕೊಂಡು ಕೂರೋದಕ್ಕಿಂತ ವಾಸಿ” ಎಂದಳು. ಚಿಕ್ಕಮ್ಮ ತರಕಾರಿ ಹೆಚ್ಚುತ್ತಿದ್ದಳು. ನಾನು ಹತ್ತಿರ ಹೋಗಿ, “ಹೋಗ್ಲಾ ಚಿಕ್ಕಮ್ಮ?” ಎಂದೆ.

“ನನ್ನ ಕೇಳ್ಬೇಡ ಪುಟ್ಟಿ. ಹೋಗು ಅಂದ್ರೆ ನನಗೆ ನಾನೇ ಉಗಿದುಕೊಂಡ ಹಾಗೆ. ಬೇಡ ಅಂದ್ರೆ ನಿಮ್ಮಮ್ಮನ ಕಣ್ಣಿಗೆ ಕೆಟ್ಟೋಳಾಗ್ತೀನಿ.”

ಹೆಚ್ಚುವುದನ್ನು ಮಾತ್ರ ಅವಳು ನಿಲ್ಲಿಸಲಿಲ್ಲ.

ನಾನು ಆ ಕೆಲಸಕ್ಕೆ ಹೋಗುವುದಿಲ್ಲ. ನಾಳೆ ಬೆಳಿಗ್ಗೆ ಟೀಚರ್ ಮನೆಗೆ ಹೋಗಿ, ಆ ಡಬ್ಬಿಯನ್ನು ಯಾರು ತಂದುಕೊಟ್ಟದ್ದು ಎಂದು ಹೇಳುತ್ತೇನೆ. ಬಾಯಲ್ಲಿ ಹೇಳಲಾಗದಿದ್ದರೆ ಈ ಹಾಳೆಗಳನ್ನು ಅವರ ಕೈಗೆ ಕೊಟ್ಟು, ಅವರು ಓದಿ ಮುಗಿಸುವ ತನಕ ಬಾಗಿಲಲ್ಲೇ ನಿಂತಿರುತ್ತೇನೆ.