ಫ್ಲೆಕ್ಸ್ ಹಾಕಿಸಿದ ನಾಗವೇಣಕ್ಕ

ನಾಗವೇಣಕ್ಕನ ಲ್ಯಾಪ್‌ಟಾಪು ಬೊಟ್ಟು ಇಟ್ಟುಕೊಳ್ಳುತ್ತಿತ್ತು. ಕ್ಯಾಮೆರಾದ ಸಣ್ಣ ಕಣ್ಣನ್ನು ಅವರು ಮುಚ್ಚುತ್ತಿದ್ದದ್ದು ಸ್ಟಿಕ್ಕರ್ ಬೊಟ್ಟಿನಿಂದ. ಅದರ ಅಂಟು ಬಿಟ್ಟುಹೋದರೆ ತಮ್ಮ ಹಣೆಯದನ್ನೇ ಕಿತ್ತು ಅದಕ್ಕೆ ಅಂಟಿಸಿ, ಆ ದಿನವೆಲ್ಲ ಬರಿ ಹಣೆಯಲ್ಲಿ ಪಾಠ ಮಾಡುತ್ತಿದ್ದರು. ಲೇಪಾಕ್ಷಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿಯರು ಮುಸಿಮುಸಿ ನಕ್ಕರೆ, "ನನ್ನ ಹಣೆ ಯಾರ್ ನೋಡ್ತಾರಮ್ಮ? ಇದ್ರ ಕಣ್ಣಿಂದ ಲೋಕವೆಲ್ಲ ನೋಡ್ತದೆ" ಎನ್ನುತ್ತಿದ್ದರು.

ಹಿಂದೂಪುರದ ಮಾರ್ಕೆಟ್ಟಿನ ಹಿಂದೆ ಅವರ ಕಂಪ್ಯೂಟರ್ ಸೆಂಟರ್. ನಾನು ಅಲ್ಲಿಗೆ ಸೇರಿದ್ದು ಕಲ್ಯಾಣದುರ್ಗದಿಂದ ಓಡಿಬಂದು. ಗಂಡ ಹೊಡೆಯುತ್ತಿದ್ದ. ತವರಿಗೆ ಹೋದರೆ ಹಿರಿಯರು ರಾಜಿ ಮಾಡಿಸಿ ವಾಪಸು ಕಳಿಸುತ್ತಿದ್ದರು. ಎಲ್ಲಿಗೆ ಹೋದರೂ ನಾನಿರುವ ಜಾಗ ಅವನ ಫೋನಿನಲ್ಲಿ ಕಾಣುತ್ತಿತ್ತು. ಅಕ್ಕ ಇದನ್ನೆಲ್ಲ ಕೇಳಿ ಅಯ್ಯೋ ಪಾಪ ಅನ್ನಲಿಲ್ಲ. "ಮೊದ್ಲು ಆ ಫೋನ್ ಆಫ್ ಮಾಡು" ಅಂದರು. ಆಮೇಲೆ ಮಂಜುಳ ಅಂತ ಒಂದು ಹೆಸರು ಕೊಟ್ಟರು, ಟೈಪಿಂಗ್ ಹೇಳಿಕೊಡುವ ಕೆಲಸ ಕೊಟ್ಟರು, ಹಿಂದಿನ ಕೋಣೆಯಲ್ಲಿ ಒಂದು ಮಂಚ ಹಾಕಿಸಿದರು.

ನನ್ನ ಫೋಟೊಗಳನ್ನು ಡಾರ್ಕ್ ವೆಬ್ಬಿನಲ್ಲಿ ಹಾಕುತ್ತೇನೆಂದು ಗಂಡ ಹೆದರಿಸಿದ್ದ. ನನಗೆ ಊಟ ಸೇರುತ್ತಿರಲಿಲ್ಲ. ಒಂದು ಭಾನುವಾರ ಅಕ್ಕ ಸೆಂಟರಿನ ಬಾಗಿಲು ಹಾಕಿ, "ಬಾ, ಹೋಗಿ ನೋಡ್ಕೊಂಡ್ ಬರಾನ" ಅಂದರು, ಪಕ್ಕದ ಬೀದಿಗೆ ಹೊರಟವರ ಹಾಗೆ. ನಾವು ಯಾರೆಂದು ಗೊತ್ತಾಗದಂತೆ ಒಳಗೆ ಬಿಡುವ ಟಾರ್ ಎಂಬ ಬ್ರೌಸರ್ ತೆರೆದರು. ಡಾರ್ಕ್ ವೆಬ್ ಅಂದರೆ ಕಳ್ಳರ ಸಂತೆ ಎಂದು ಕೇಳಿದ್ದೆ. ಕಂಡದ್ದು ಬೂದಿ ಬಣ್ಣದ ಪುಟ, ಅದೂ ತೆರೆಯುವಷ್ಟರಲ್ಲಿ ಒಲೆಯ ಮೇಲೆ ಇಟ್ಟಿದ್ದ ಚಹಾ ಕುದಿಯಿತು. ಎಷ್ಟೋ ಕೊಂಡಿಗಳು ಸತ್ತಿದ್ದವು. "ಆಫೀಸಿಗೋದಂಗೇ ಐತೆ ಕಣಮ್ಮ. ಯಾವ ಬಾಗ್ಲು ತಟ್ಟಿದ್ರೂ ಊಟಕ್ಕೋಗವ್ರೆ" ಎಂದರು ಅಕ್ಕ.

ಬ್ರೌಸರಿನ ಕಿಟಕಿ ಚಿಕ್ಕದಾಯಿತೆಂದು ನಾನು ಹಿಗ್ಗಿಸಲು ಹೋದರೆ ಕೈಯ ಮೇಲೆ ಒಂದು ಏಟು. "ಇದ್ದಂಗಿರ್ಲಿ. ದೊಡ್ಡದ್ ಮಾಡಿದ್ರೆ ನಮ್ ಸ್ಕ್ರೀನ್ ಎಷ್ಟಗ್ಲ ಅಂತ ಅವ್ರಿಗೆ ಗೊತ್ತಾಯ್ತದೆ, ಅದ್ರಿಂದ್ಲೂ ಗುರ್ತು ಹಿಡೀತಾರೆ." ಜೊತೆಗೇ ನನ್ನ ಮೇಲ್ ತೆರೆದು ನೋಡಲೇ ಎಂದೆ. "ಮುಸುಕ್ ಹಾಕ್ಕೊಂಡ್ ಬಂದು ಬಾಗ್ಲಲ್ಲಿ ನಿಂತು ಹೆಸ್ರು ಕೂಗ್ತೀಯಾ?" ಎಂದರು. ಯಾವುದನ್ನೂ ಇಳಿಸಿಕೊಳ್ಳಬಾರದು, ಯಾರಿಗೂ ಉತ್ತರ ಕೊಡಬಾರದು. ಹಾಗಾದರೆ ನನ್ನ ನಂಬರನ್ನಾದರೂ ಹಾಕಿ ಹುಡುಕಿ ಎಂದು ಅಂಗಲಾಚಿದೆ. ಅಕ್ಕ ಕನ್ನಡಕ ತೆಗೆದು ನನ್ನನ್ನು ನೋಡಿದರು. "ಅದು ಅವ್ರತ್ರ ಇಲ್ದಿದ್ರೆ, ನಾವೇ ಕೊಟ್ಟಂಗಾಯ್ತದೆ. ಊರಿಕೆ ಕೂತ್ಕೊಂಡು ನೋಡು." ಸುಮ್ಮನೆ ಕೂತು ನೋಡಿದೆವು. ಸಿಕ್ಕಷ್ಟು ಪುಟಗಳಲ್ಲಿ ನಾನು ಇರಲಿಲ್ಲ. ಪೂರ್ತಿ ಇಲ್ಲವೆಂದು ಯಾರೂ ಹೇಳಲಾರರು ಎಂಬುದನ್ನೂ ಅಕ್ಕನೇ ಹೇಳಿದರು. ಆದರೂ ಆ ದಿನ ನಾನು ಎರಡು ಮುದ್ದೆ ಉಂಡೆ.

ಇಷ್ಟೆಲ್ಲ ತಿಳಿದ ನಾಗವೇಣಕ್ಕ ಪೆನುಕೊಂಡದಲ್ಲಿ ಹೊಸ ಸೆಂಟರ್ ತೆರೆದಾಗ ಹಿಂದೂಪುರ ಬಸ್‌ಸ್ಟ್ಯಾಂಡಿನ ಎದುರು ಫ್ಲೆಕ್ಸ್ ಕಟ್ಟಿಸಿದರು. ನಮ್ಮ ಕಡೆ ಹುಟ್ಟುಹಬ್ಬವಿರಲಿ, ಅಂಗಡಿ ಪೂಜೆಯಿರಲಿ, ಫ್ಲೆಕ್ಸ್ ಇಲ್ಲದಿದ್ದರೆ ಅದು ನಡೆದೇ ಇಲ್ಲ ಎಂದು ಲೆಕ್ಕ. ನಡುವೆ ಅಕ್ಕ ಕೈ ಮುಗಿದು ನಿಂತಿದ್ದರು. ಅವರ ಬಲಕ್ಕೆ ಮೊರದಗಲ ನಾನು, ಹಲ್ಲು ಬಿಟ್ಟುಕೊಂಡು. ಕೆಳಗೆ ತೆಲುಗಿನಲ್ಲಿ ಮಂಜುಳ ಮೇಡಂ ಎಂದಿತ್ತು.

"ಅಕ್ಕಾ, ನನ್ನ ಮುಖ!" ಎಂದೆ.

"ಹೆಸ್ರು ಬದ್ಲಾಯ್ಸೀನಿ ಕಣಮ್ಮ, ಭಯ ಬೀಳ್ಬ್ಯಾಡ" ಎಂದರು ಸಂಭ್ರಮದಿಂದ. "ನಿನ್ನ ಹಾಕ್ದಿದ್ರೆ ಜನ ಏನಂತಾರೆ? ಕೆಲ್ಸದಿಂದ ತೆಗೆದ್ಬುಟ್ಟವ್ರೆ ಅನ್ನಲ್ವಾ?"

ಅಷ್ಟು ಹೇಳಿ ಮತ್ತೆ ಫ್ಲೆಕ್ಸ್ ನೋಡಿದರು. ಅವರ ಬಾಯಿ ಹಾಗೇ ತೆರೆದು ನಿಂತಿತು. ಏಣಿ ತರಿಸಿ, ತಾವೇ ಸೀರೆ ಸಿಕ್ಕಿಸಿಕೊಂಡು ಹತ್ತಿ, ಕತ್ತರಿಯಿಂದ ನನ್ನನ್ನು ಕತ್ತರಿಸಿ ತೆಗೆದರು. ನನ್ನ ಜಾಗದಲ್ಲಿ ಹಿಂದಿನ ಟೀ ಅಂಗಡಿ ಕಾಣುತ್ತಿತ್ತು.

ಅಷ್ಟರಲ್ಲಿ ಕಲ್ಯಾಣದುರ್ಗದವರು ಯಾರೋ ಫ್ಲೆಕ್ಸಿನ ಫೋಟೊ ಹಿಡಿದು ನನ್ನ ಗಂಡನಿಗೆ ಕಳಿಸಿಯಾಗಿತ್ತು. ಮಾರನೆಯ ದಿನ ಫ್ಲೆಕ್ಸ್‌ನಲ್ಲಿದ್ದ ನಂಬರಿಗೇ ಫೋನ್ ಬಂತು. ಅಕ್ಕ ಸ್ಪೀಕರಿನಲ್ಲಿಟ್ಟರು. "ಮಂಜುಳ ಮೇಡಂ ಅಲ್ಲವ್ರಾ?" ಎಂದು ನನ್ನ ಗಂಡ ಬಹಳ ಮರ್ಯಾದೆಯಿಂದ ಕೇಳಿದ. "ಸಂಜೆಗೆ ಬತ್ತೀನಿ, ಇರಾಕ್ ಹೇಳಿ."

ಮಧ್ಯಾಹ್ನವೇ ಅಕ್ಕ ನನ್ನ ಬಟ್ಟೆ ಬ್ಯಾಗಿಗೆ ತುಂಬಿ ಬಸ್‌ಸ್ಟ್ಯಾಂಡಿಗೆ ಕರೆತಂದರು. ಅವರ ಮೇಲೆ ನನಗೆ ಸಿಟ್ಟಿತ್ತು. ಅವರನ್ನು ಬಿಟ್ಟು ಹೋಗಲು ಮನಸ್ಸೂ ಇರಲಿಲ್ಲ. ಎಲ್ಲಿಗೆ ಹೋಗುತ್ತೇನೆಂದು ಹೇಳಲು ಬಾಯಿ ತೆರೆದೆ.

"ನನಗೂ ಹೇಳ್ಬ್ಯಾಡ" ಎಂದರು. "ಅವ್ನು ಬಂದು ಕಾಲು ಹಿಡಿದು ಅತ್ತರೆ ನಾನು ಹೇಳ್ಬುಟ್ಟೇನು. ಫೋನೂ ಮಾಡ್ಬ್ಯಾಡ. ಫ್ಲೆಕ್ಸ್ ಹಾಕ್ಸಿದೋಳು ಕಣೇ ನಾನು."

ಹಾಗೆಂದವರು ನನಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ ನಿಂತುಬಿಟ್ಟರು. ನಾನು ಯಾವ ಬಸ್ಸು ಹತ್ತಿದೆನೆಂದು ಅವರು ನೋಡಲಿಲ್ಲ. ನಾನು ಬದುಕಿದ್ದೇನೆಂದು ಇವತ್ತಿಗೂ ಅವರಿಗೆ ಗೊತ್ತಿಲ್ಲ. ಬಸ್ಸು ಹೊರಟಾಗ ಕಿಟಕಿಯಿಂದ ಬಗ್ಗಿ ನೋಡಿದೆ. ಒಂದು ಸಲ ತಿರುಗಲಿ ಎಂದು ಬೇಡಿಕೊಂಡೆ. ಯಾರೋ ಹೆಂಗಸು ಅವರ ಭುಜ ಮುಟ್ಟಿ ಏನಾಯಿತೆಂದು ಕೇಳುತ್ತಿದ್ದಳು. ಅಕ್ಕ ಗೋಡೆಯ ಕಡೆಗೇ ಏನಿಲ್ಲವೆಂದು ತಲೆಯಾಡಿಸುತ್ತಿದ್ದರು.