ರದ್ದಾದ ಬುಧವಾರ

ಪಲ್ಲವಿಗೆ ಕೂತಲ್ಲಿ ಕೂರಲು, ನಿಂತಲ್ಲಿ ನಿಲ್ಲಲು ಆಗದು. ಗ್ಯಾಸ್ ಆಫ್ ಮಾಡಿ ಬಂದವಳು ಮತ್ತೆ ಹೋಗಿ ನೋಡುತ್ತಾಳೆ. ಕುಣಿಗಲ್ ಬಸ್ ಸ್ಟ್ಯಾಂಡ್ ತಲುಪಿದ ಮೇಲೂ ಗಂಡ ಚನ್ನೇಶನಿಗೆ ಫೋನ್ ಮಾಡಿ, "ಮೋಟಾರ್ ಆಫ್ ಮಾಡಿದೀನಾ ನೋಡ್ರಿ" ಎನ್ನುತ್ತಾಳೆ. ಇಂಥವಳಿಗೆ ತುಮಕೂರಿನ ಶೆಟ್ಟಿಹಳ್ಳಿಯ ಪುಟ್ಟ ವೆಬ್‌ಸೈಟ್ ಆಫೀಸಿನಲ್ಲಿ ಸಿಕ್ಕ ಕೆಲಸ ಹೇಳಿ ಮಾಡಿಸಿದಂತಿತ್ತು.

ಅಲ್ಲಿ ಪುಟದ ಒಂದೊಂದು ತುಣುಕಿಗೂ ಅದರ ಬಣ್ಣ, ಗೆರೆ, ಅಳತೆ ಬರೆದಿಟ್ಟ ಅದರದೇ ಸ್ಟೈಲ್ ಫೈಲು. ಬಟನ್‌ಗೊಂದು, ದಿನಾಂಕದ ಚೌಕಕ್ಕೊಂದು. ಒಂದರ ಬಣ್ಣ ಇನ್ನೊಂದಕ್ಕೆ ಅಂಟುವುದಿಲ್ಲ. ಆ ಫೈಲಿನಲ್ಲಿ ಯಾವ್ಯಾವ ಸ್ಟೈಲ್ ಇವೆ ಎಂದು ಪಕ್ಕದಲ್ಲಿ ಟೈಪ್ ಫೈಲು ಎಂಬ ಪಟ್ಟಿಯಲ್ಲಿ ಹೆಸರು ಬರೆದಿಡಬೇಕು. ಕೋಡ್ ತಪಾಸಣೆ ಮಾಡುವ ಪ್ರೋಗ್ರಾಂ ಸ್ಟೈಲ್ ಫೈಲನ್ನು ನೋಡದು, ನಂಬುವುದು ಆ ಹೆಸರುಗಳನ್ನೇ. ಅವನ್ನೆಲ್ಲ ಪಲ್ಲವಿ ಕೈಯಾರೆ ಬರೆಯುತ್ತಿದ್ದಳು, ಬರೆದು ಮತ್ತೆ ಮತ್ತೆ ನೋಡುತ್ತಿದ್ದಳು. ಅದರಲ್ಲಿ ಅವಳಿಗೆ ಒಳಗೊಳಗೇ ಹೆಮ್ಮೆ.

ಅವಳು ಕಟ್ಟಿದ ಪುಟಗಳಲ್ಲಿ ತುಮಕೂರಿನ ಒಂದು ಫಿಸಿಯೋಥೆರಪಿ ಕ್ಲಿನಿಕ್ಕಿನದೂ ಒಂದು. ಮಾವ ಗಂಗಣ್ಣ ಭುಜದ ನೋವಿಗೆ ಹೋಗುತ್ತಿದ್ದುದೂ ಅಲ್ಲಿಗೇ. ಗುಬ್ಬಿ, ಕುಣಿಗಲ್ ಕಡೆಯ ಬಸ್ಸುಗಳಲ್ಲಿ ಕಂಡಕ್ಟರ್ ಆಗಿ ಆಯಸ್ಸು ಸವೆಸಿದ ಮನುಷ್ಯ. ಒಂದು ಬುಧವಾರ ಪುಟದಲ್ಲಿ ದಿನ ನೋಡಿಕೊಂಡೇ ಹೋದರೆ ಕ್ಲಿನಿಕ್ಕಿನ ಬಾಗಿಲು ಹಾಕಿತ್ತು. ಆ ದಿನವನ್ನು ಮೊದಲೇ ರದ್ದು ಮಾಡಿದ್ದರಂತೆ. ರದ್ದಾದ ದಿನ ಪುಟದಲ್ಲಿ ಕೆಂಪಾಗಿ, ಗೆರೆ ಹೊಡೆದು ಕಾಣಬೇಕು.

"ಕೆಂಪೂ ಇರ್ಲಿಲ್ಲ, ಗೆರೇನೂ ಇರ್ಲಿಲ್ಲ ಕಣವ್ವ. ಎಲ್ಲಾ ದಿನದಂಗೇ ಇತ್ತು," ಎಂದರು ಗಂಗಣ್ಣ.

ಕಳೆದ ದಿನಗಳನ್ನು ಪುಟ ತೋರಿಸದು. ಹಾಗಾಗಿ ಪಲ್ಲವಿ ಟೈಪ್ ಫೈಲು ತೆರೆದು ನೋಡಿದಳು. ರದ್ದಾದ ದಿನದ ಸ್ಟೈಲಿನ ಹೆಸರು ಅಲ್ಲಿ ಇತ್ತು. ತಪಾಸಣೆಯೂ ಚಕಾರವೆತ್ತಲಿಲ್ಲ.

"ಎಲ್ಲಾ ಸರಿಯಾಗೇ ಇದೆ ಮಾವ. ನಾನೇ ನೋಡ್ದೆ," ಎಂದುಬಿಟ್ಟಳು.

ಚನ್ನೇಶನಿಗೆ ಅಷ್ಟು ಸಾಕಾಯಿತು. "ಅಪ್ಪಂಗೆ ಮರೆವು ಶುರುವಾಗೈತೆ. ಇನ್ಮೇಲೆ ಒಬ್ರನ್ನೇ ಬಸ್ ಹತ್ತಿಸ್ಬ್ಯಾಡಿ," ಎಂದು ತೀರ್ಪು ಕೊಟ್ಟ. ಚಿಲ್ಲರೆಗಾಗಿ ಇಡೀ ಬಸ್ಸಿನೊಂದಿಗೆ ಜಗಳವಾಡಿದ್ದ ಗಂಗಣ್ಣ ಮಗನ ಮಾತನ್ನೇ ನಂಬಿಬಿಟ್ಟರು. ಅಂದಿನಿಂದ ಗಡಿಯಾರ ನೋಡಿದರೂ, "ಇದು ಎಷ್ಟು ಗಂಟೆ, ನೀನೇ ನೋಡವ್ವ" ಎಂದು ಸೊಸೆಯನ್ನು ಕೇಳತೊಡಗಿದರು. ಪಲ್ಲವಿ ಬಸ್ಸಿನಲ್ಲಿ, ಊಟದ ನಡುವೆ, ಸುಮ್ಮಸುಮ್ಮನೆ ಆ ಟೈಪ್ ಫೈಲು ತೆರೆಯುತ್ತಿದ್ದಳು. ಹೆಸರು ಇದ್ದೇ ಇರುತ್ತಿತ್ತು. ನೆಮ್ಮದಿ ಮಾತ್ರ ಇರುತ್ತಿರಲಿಲ್ಲ.

ಆಮೇಲೊಂದು ದಿನ ಆಫೀಸಿನ ಯಜಮಾನ ಮಲ್ಲಿಕಾರ್ಜುನ್ ಹೊಸ ಟೂಲೊಂದನ್ನು ತಂದರು. "ಟೈಪ್ ಫೈಲು ಇನ್ಮೇಲೆ ಕೈಯಲ್ಲಿ ಬರೆಯೋದು ಬ್ಯಾಡ ಪಲ್ಲವಿ. ಸ್ಟೈಲ್ ಫೈಲ್ ಸೇವ್ ಮಾಡ್ತಿದ್ದಂಗೇ ಇದೇ ಓದ್ಕೊಂಡು ಬರೆಯುತ್ತೆ."

"ನಾನ್ ಬರ್ದಿದ್ರಲ್ಲಿ ಏನ್ ತಪ್ಪಿತ್ತು ಸಾರ್?"

"ತಪ್ಪು ಅಂದೋರ್ಯಾರು? ಓಡ್ಸಿ ನೋಡು."

ಮುಖ ಊದಿಸಿಕೊಂಡೇ ಓಡಿಸಿದಳು. ಅವಳು ಬರೆದದ್ದನ್ನೆಲ್ಲ ಟೂಲು ಕಣ್ಣುಮುಚ್ಚಿ ತೆರೆಯುವುದರಲ್ಲಿ ಅಳಿಸಿ, ಸ್ಟೈಲ್ ಫೈಲುಗಳನ್ನು ಓದಿ ಹೊಸದಾಗಿ ಬರೆಯಿತು. ಇಷ್ಟು ದಿನ ಬಾಯಿ ಬಿಡದಿದ್ದ ತಪಾಸಣೆ ಕೆಂಪು ಸಾಲಿನಲ್ಲಿ ತಪ್ಪು ತೋರಿಸಿತು: ದಿನಾಂಕದ ಚೌಕ ಕೇಳುತ್ತಿರುವ ರದ್ದಾದ ದಿನದ ಸ್ಟೈಲ್ ಇಲ್ಲವೇ ಇಲ್ಲ.

ಸ್ಟೈಲ್ ಫೈಲು ತೆರೆದಳು. ನಿಜಕ್ಕೂ ಇರಲಿಲ್ಲ. ಹಿಂದೊಮ್ಮೆ ಫೈಲನ್ನು ಚೊಕ್ಕ ಮಾಡುವಾಗ ಬೇಡದ್ದರ ಜೊತೆ ಬೇಕಾದದ್ದನ್ನೂ ಅವಳೇ ಕಿತ್ತುಹಾಕಿದ್ದಳು. ಟೈಪ್ ಫೈಲಿನಲ್ಲಿ ಹೆಸರು ಮಾತ್ರ ಹಾಗೇ ಉಳಿದಿತ್ತು. ಮತ್ತೆ ಮತ್ತೆ ನೋಡಿದ್ದೆಲ್ಲ ತಾನು ಬರೆದದ್ದನ್ನೇ.

ಸ್ಟೈಲನ್ನು ಮತ್ತೆ ಸೇರಿಸಿ, ಮೆಟ್ಟಿಲ ಬಳಿ ಬಂದು ಮಾವನಿಗೆ ಫೋನ್ ಮಾಡಿದಳು.

"ಮಾವ, ಆವತ್ತು ನೀವು ಹೇಳಿದ್ದೇ ಸರಿ. ಕೆಂಪು ಇರ್ಲಿಲ್ಲ. ನಾನೇ ತೆಗ್ದಾಕಿದ್ದೆ."

ಆ ಕಡೆಯಿಂದ ಗಂಗಣ್ಣ ಅದನ್ನೇ ಇನ್ನೊಮ್ಮೆ ಹೇಳಿಸಿದರು.

"ಬೈಯಿರಿ ಮಾವ."

"ನಿನ್ನ ಯಾಕವ್ವ ಬೈಯ್ಲಿ," ಎಂದರು ಗಂಗಣ್ಣ. "ಇದನ್ನ ಚನ್ನೇಶಂಗೆ ನೀನೇ ಹೇಳು. ನಾನ್ ಹೇಳಿದ್ರೆ ಅವ್ನು ನಂಬಕ್ಕಿಲ್ಲ."