ನೀಲಿ ನೀರಿನಿಂದ ಈಚೆಗೆ

ಸೋಸುವ ಕಾಗದದ ಮೇಲೆ ಈಗಷ್ಟೇ ತೊಳೆದ ಪುಡಿ ಕೂತಿದೆ, ತಿಳಿನೀಲಿ. ಮಂಡ್ಯದ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಇದಕ್ಕೆ ಉದ್ದನೆಯ ಹೆಸರಿದೆ. ನನಗೆ ಮಾತ್ರ ಈ ಬಣ್ಣ ಕಂಡರೆ ಮೂಗಿಗೆ ಕುರಿವಾಸನೆ ಬರುತ್ತದೆ. ನಗಬೇಡಿ, ಕಾರಣ ಹೇಳುತ್ತೇನೆ.

ನಮ್ಮ ಚಿಕ್ಕಪ್ಪ ಬಂಡೂರಿನಲ್ಲಿ ಕುರಿ ಸಾಕಿದವರು. ಮಳೆಗಾಲದಲ್ಲಿ ಗೊರಸು ಕೊಳೆಯದಿರಲೆಂದು ರೊಪ್ಪದ ಬಾಗಿಲಲ್ಲಿದ್ದ ಸಿಮೆಂಟಿನ ತೊಟ್ಟಿಗೆ ಮೈಲುತುತ್ತವೆಂಬ ತಾಮ್ರದ ಉಪ್ಪು ಕದಡಿದ ನೀಲಿ ನೀರು ತುಂಬಿ, ಕುರಿಗಳನ್ನು ಒಂದೊಂದಾಗಿ ಇಳಿಸುತ್ತಿದ್ದರು. ಬಂಡೂರು ಕುರಿಯೆಂದರೆ ಗಿಡ್ಡ ಕಾಲು, ದುಂಡು ಮೈ, ಬೀಗರ ಗತ್ತು. ಇಳಿಯಲು ಒಲ್ಲವು, ಇಳಿದರೆ ಹತ್ತಲು ಒಲ್ಲವು. ಹಾಗೇ ಬಿಟ್ಟರೆ ಆ ನೀರಿಗೇ ಬಾಯಿ ಹಾಕಿ ಜೀವಕ್ಕೆ ಸಂಚಕಾರ ತಂದುಕೊಳ್ಳುತ್ತವೆ. ಅದಕ್ಕೇ ತೊಟ್ಟಿಯ ಇನ್ನೊಂದು ತುದಿಯಲ್ಲಿ ಅಗಸೆ ಸೊಪ್ಪು ಹಿಡಿದು ಕರೆಯುವ ಕೆಲಸ ನನ್ನದು. ಮೊದಲನೆಯದು ಬರುವಷ್ಟರಲ್ಲಿ ಕೈ ಸೋತುಹೋಗುತ್ತಿತ್ತು.

ದೊಡ್ಡವಳಾಗಿ ನಾನು ಕೈಹಾಕಿದ್ದು ಮೀಥೇನಿಗೆ. ಗೋಬರ್ ಗ್ಯಾಸಿನಲ್ಲಿ ಉರಿಯುವುದು ಅದೇ. ಅದನ್ನು ಮೆಥನಾಲ್ ಎಂಬ ದ್ರವ ಮಾಡಿದರೆ ಕ್ಯಾನಿಗೆ ತುಂಬಿ ಎಲ್ಲಿಗೆ ಬೇಕಾದರೂ ಒಯ್ಯಬಹುದು. ನನ್ನ ಪುಡಿಯ ತುಂಬ ಕಣ್ಣಿಗೆ ಕಾಣದ ಗೂಡುಗಳು, ಗೂಡುಗಳಲ್ಲಿ ತಾಮ್ರ. ಕಾಯಿಸಿದಾಗ ತಾಮ್ರ ಆಮ್ಲಜನಕವನ್ನು ಹಿಡಿದುಕೊಳ್ಳುತ್ತದೆ, ಆಮೇಲೆ ಮೀಥೇನ್ ಒಳಹೊಕ್ಕು ಆ ಆಮ್ಲಜನಕದೊಂದಿಗೆ ಕೂಡಿ ಅಲ್ಲೇ ಅಂಟಿಕೊಳ್ಳುತ್ತದೆ. ಹದ ತಪ್ಪಿದರೆ ಎಲ್ಲ ಸುಟ್ಟು ಬರೀ ಇಂಗಾಲದ ಡೈಆಕ್ಸೈಡು. ತಿಂಗಳುಗಟ್ಟಲೆ ನನಗೆ ಸಿಕ್ಕಿದ್ದು ಅದೇ. ಇನ್ನೊಂದು ಸಲ ಕೈಕೊಟ್ಟರೆ ಈ ಕೆಲಸವನ್ನೇ ಬಿಡುವುದೆಂದು ತೀರ್ಮಾನಿಸಿದ ದಿನವೇ, ಹೋದ ವರ್ಷ, ಮಂಡ್ಯಕ್ಕೆ ಬಂದಿದ್ದ ಚಿಕ್ಕಪ್ಪ ಲ್ಯಾಬಿಗೂ ಬಂದರು.

ಪುಡಿಗೆ ತಾಮ್ರ ಹಿಡಿಸಲು ಬೀಕರಿನಲ್ಲಿಟ್ಟಿದ್ದ ನೀಲಿ ನೀರು ಕಂಡದ್ದೇ ಅವರ ಮುಖ ಅರಳಿತು. ನನ್ನ ಕೆಲಸ ಏನೆಂದು ಊರವರಿಗೆ ಹೇಳಲಾಗದೆ ಒದ್ದಾಡುತ್ತಿದ್ದರಂತೆ. ಇಷ್ಟೆಲ್ಲ ಓದಿ ಮೈಲುತುತ್ತಕ್ಕೇ ಬಂದೆಯಲ್ಲ ಎಂದು ನಕ್ಕರು. ನಾನು ಎಲ್ಲ ವಿವರಿಸಿ, ಕೊನೆಗೆ ನೀರಿನ ಆವಿ ಹಾಯಿಸಿದರೆ ಮೆಥನಾಲ್ ಗೂಡು ಬಿಟ್ಟು ಹೊರಗೆ ಬರಬೇಕು ಎಂದೆ.

“ಅಂಗಾರೆ ನಿನ್ ಸೊಪ್ಪಿನ್ ಕೆಲ್ಸವ ಆವಿಗ್ ಕೊಟ್ಟಿದ್ದೀಯ ಅನ್ನು.”

ಎಷ್ಟೋ ದಿನಗಳ ಮೇಲೆ ನಾನು ಮನಸಾರೆ ನಕ್ಕೆ. ಚಿಕ್ಕಪ್ಪ ಊರಿಗೆ ಮರಳಬೇಕಿದ್ದ ಕಿರುಗಾವಲಿನ ಬಸ್ಸು ಬಿಟ್ಟು ಸ್ಟೂಲಿನ ಮೇಲೆ ಕೂತರು. ಆವಿ ಹಾಯಿಸಿ, ಹೊರಬಂದದ್ದನ್ನು ಅಳೆಯುವ ಯಂತ್ರಕ್ಕೆ ಕೊಟ್ಟೆ. ಪರದೆಯ ಮೇಲೆ ಗೆರೆ ಮಟ್ಟಸವಾಗಿ ಹೋಗುತ್ತಲೇ ಇತ್ತು. ಇನ್ನೇನು ಆಸೆ ಬಿಡಬೇಕು, ಅಷ್ಟರಲ್ಲಿ ಒಂದು ಪುಟ್ಟ ಉಬ್ಬು ಎದ್ದಿತು. ಮೆಥನಾಲ್. ಬಿಳಿ ಕೋಟಿನಲ್ಲೇ ಕುಣಿದುಬಿಟ್ಟೆ. ಆಮೇಲೆ ನಾಚಿಕೆಯಾಗಿ, ಒಟ್ಟು ಸೇರಿಸಿದರೂ ಒಂದು ಹನಿ ಆಗದು ಎಂದೆ.

“ಮೊದಲ್ನೇದು ಬಂತಲ್ಲ ಮಗ. ಮಿಕ್ಕವು ಬತ್ತವೆ ಬುಡು.”

ಈಗ ಪುಡಿ ಒಣಗುತ್ತಿದೆ. ಫೋನಿನಲ್ಲಿ ಚಿಕ್ಕಪ್ಪ. ಕುಶಲ ವಿಚಾರಿಸುವ ಗೋಜಿಲ್ಲ, ಬಂದವಾ ಎಂದಷ್ಟೇ ಕೇಳುತ್ತಾರೆ. ಮೊದಲೆಲ್ಲ ಕೆಲಸ ಎಲ್ಲಿಗೆ ಬಂತೆಂದು ಯಾರಾದರೂ ಕೇಳಿದರೆ ಸಿಡುಕುತ್ತಿದ್ದೆ. ಈಗ ಉಬ್ಬು ಹೋದ ಸಲಕ್ಕಿಂತ ಎತ್ತರವಾಗಿದೆ ಎಂದು ಖುಷಿಯಾಗಿ ಹೇಳುತ್ತೇನೆ. ನಿಮಗೆ ಮಾತ್ರ ಇನ್ನೊಂದು ಗುಟ್ಟು: ಪರದೆಯ ಮುಂದೆ ಕೂತಾಗ, ಯಾರೂ ಇಲ್ಲವೆಂದು ನೋಡಿಕೊಂಡು, ಖಾಲಿ ಕೈ ಚಾಚಿ ಮೆಲ್ಲಗೆ ‘ಬಾ, ಬಾ’ ಎಂದು ಕರೆಯುತ್ತೇನೆ.